ಬೆವರಿನ ಹನಿಗೆ ಸಾಗರದ ಹೆಸರು: ಚಿಕ್ಕಪಡಸಲಗಿಯ ಕಥೆ

ಬದುಕು ಬದಲಿಸೋ ಸೂತ್ರಗಳ ವಿಡಿಯೋ ನೋಡ್ತೀವಿ, ನೋಟ್ಸ್ ಬರ್ಕೋತೀವಿ, ಏನೋ ಸಾಧಿಸಿದ ಸಮಾಧಾನದಲ್ಲಿ ಮಲಗ್ತೀವಿ. ಬೆಳಗ್ಗೆ ಎದ್ದಾಗ ಕೆಲಸ ಇದ್ದಲ್ಲೇ ಇರುತ್ತೆ. ಹಾಗಾದರೆ ಮಾತು ಕೆಲಸವಾಗಿ ಬದಲಾಗೋದು ಯಾವಾಗ? ಉತ್ತರಕ್ಕಾಗಿ ಇವತ್ತು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಗೆ ಹೋಗೋಣ.

ಮಳೆಗಾಲದಲ್ಲಿ ದಂಡೆ ಮೀರಿ ಹರಿಯುವ ಕೃಷ್ಣೆ ಬೇಸಿಗೆಯಲ್ಲಿ ಸೊರಗುತ್ತಾಳೆ. ನದಿ ಪಕ್ಕದಲ್ಲೇ ಹೊಲ, ಆದರೂ ಬೆಳೆ ಒಣಗುತ್ತಿತ್ತು. ಬ್ಯಾರೇಜ್ ಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಸರ್ಕಾರಕ್ಕೆ ಬೇಡಿಕೆಯೂ ಹೋಗಿತ್ತು. ಗೊತ್ತಿದ್ದ ಮಾತ್ರಕ್ಕೆ ನೀರು ನಿಲ್ಲಲಿಲ್ಲ.

ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರ ರೈತ ಸಂಘದವರು ತಾವೇ ಕಟ್ಟೋಕೆ ನಿಂತರು. ಸರ್ಕಾರದ ಹಣವಿಲ್ಲ, ರೈತರದೇ ವಂತಿಗೆ, ರೈತರದೇ ಶ್ರಮದಾನ. 1989ರಲ್ಲಿ ಬ್ಯಾರೇಜ್ ಎದ್ದು ನಿಂತಿತು. ಅದಕ್ಕೆ ಇಟ್ಟ ಹೆಸರು ಶ್ರಮಬಿಂದು ಸಾಗರ.

ಇಲ್ಲಿ ನನಗೆ ಎರಡು ಸಂಗತಿ ಮುಖ್ಯ ಅನಿಸುತ್ತೆ. ಒಂದು, ವಂತಿಗೆ. ಕೈಯಿಂದ ದುಡ್ಡು ಬಿಚ್ಚಿದ ಮೇಲೆ ರೈತ ಬರೀ ಕೇಳುಗನಾಗಿ ಉಳಿಯೋಲ್ಲ, ಲೆಕ್ಕ ಕೇಳ್ತಾನೆ. ಇನ್ನೊಂದು, ಗಡುವು. ನದಿಯೊಳಗಿನ ಕೆಲಸ ನೀರು ಇಳಿದಾಗಲೇ ಆಗಬೇಕು. ಸಹ್ಯಾದ್ರಿಯಲ್ಲಿ ಮಳೆ ಹಿಡಿದರೆ ಪ್ರವಾಹ ಯಾರಿಗೂ ಕಾಯೋಲ್ಲ. ನಮ್ಮ ಸಂಕಲ್ಪಗಳಿಗೆ ಸದಾ ಒಂದು "ನಾಳೆ" ಇರುತ್ತೆ. ಅವರಿಗೆ ಇರಲಿಲ್ಲ.

ಜನ ಅವರನ್ನು "ಬ್ಯಾರೇಜ್ ಸಿದ್ದು" ಅಂತ ಕರೆದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಅವರನ್ನೇ ಸೋಲಿಸಿದರು. ಮುಂದೆ ಕೇಂದ್ರದಲ್ಲಿ ಮಂತ್ರಿಯೂ ಆದರು. 2018ರಲ್ಲಿ, ಜಮಖಂಡಿ ಶಾಸಕರಾಗಿ ಗೆದ್ದ ಕೆಲವೇ ದಿನಗಳಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಆದರೆ ಒಂದು ಎಚ್ಚರ. ಈ ಕಥೆಯನ್ನೂ ನಾವು ಎರಡು ನಿಮಿಷದ ಸ್ಫೂರ್ತಿ ವಿಡಿಯೋ ಮಾಡಿಬಿಡಬಹುದು: ಒಬ್ಬ ನಾಯಕ, ಒಂದು ಛಲ, ಹಿಂದೆ ಸಂಗೀತ. ಆಗ ಕಲ್ಲು ಹೊತ್ತವರು, ಮನೆಮನೆಗೆ ಹೋಗಿ ಒಪ್ಪಿಸಿದವರು ಮರೆಯಾಗ್ತಾರೆ. ಸೆಲ್ಫ್ ಹೆಲ್ಪ್ ಪುಸ್ತಕ "ನೀನು ಬದಲಾಗು" ಅಂತ ಒಬ್ಬನಿಗೇ ಹೇಳುತ್ತೆ. ಕೃಷ್ಣೆಗೆ ಅಡ್ಡ ಕಟ್ಟೋದು ಒಬ್ಬನ ಕೈಲಾಗೋ ಕೆಲಸವಲ್ಲ. ಸರ್ಕಾರ ಮಾಡಬೇಕಾದ್ದನ್ನೆಲ್ಲ ಜನರ ಹೆಗಲಿಗೆ ಹಾಕೋಕೂ ಈ ಕಥೆ ನೆಪವಾಗಬಾರದು.

ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಓಡಾಡುವವರು ಒಮ್ಮೆ ಚಿಕ್ಕಪಡಸಲಗಿಗೂ ಹೋಗಿಬನ್ನಿ. ನೋಡಿದ ಮೇಲೆ, ನಿಮ್ಮೂರಲ್ಲಿ ವರ್ಷಗಟ್ಟಲೆ ಬರೀ ಮಾತಲ್ಲೇ ಉಳಿದಿರೋ ಕೆಲಸ ಯಾವುದು, ಅದಕ್ಕೆ ಮೊದಲ ವಂತಿಗೆ ಯಾರದ್ದು, ಎಷ್ಟು, ಯಾವ ತಾರೀಕಿಗೆ ಅಂತ ನಾಲ್ಕು ಜನ ಕೂತು ಬರೆದಿಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.