ಕ್ಲಿಕ್ ವಸ್ತು (ಅಭಿಮಾನಿಗಳ ಆಟಲೋಕಗಳಲ್ಲಿ)

ಕಂಪ್ಯೂಟರ್ ಆಟದಲ್ಲಿ ಮೌಸ್ ಒತ್ತಿದಾಗ ತೆರೆಯುವ, ತಿರುಗುವ, ಏರಿಳಿಯುವ ವಸ್ತು. ಬಾಗಿಲು, ಸನ್ನೆಗೋಲು, ಗುಂಡಿ, ಪುಸ್ತಕ ಇತ್ಯಾದಿ. ಕಂಪನಿಗಳ ಆಟದಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಅಭಿಮಾನಿಗಳು ತಾವೇ ಕಟ್ಟಿಕೊಳ್ಳುವ ಲೋಕಗಳಲ್ಲಿ ಮಾತ್ರ ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಬೆಟ್ಟ, ಗೋಡೆ, ಆಕಾಶ ಒಂದು ವಾರದಲ್ಲಿ ಎದ್ದು ನಿಂತರೂ ಗೋಡೆಯ ಬಾಗಿಲು ತಿಂಗಳಾದರೂ ಕದಲದೆ ಇರಬಹುದು.

ಹಿನ್ನೆಲೆ

1987ರಲ್ಲಿ ಬಿಲ್ ಅಟ್ಕಿನ್ಸನ್ ಆ್ಯಪಲ್‌ಗಾಗಿ ರೂಪಿಸಿದ ಹೈಪರ್‌ಕಾರ್ಡ್‌ನಲ್ಲಿ ಚಿತ್ರದ ಮೇಲೆ ಕಣ್ಣಿಗೆ ಕಾಣದ ಗುಂಡಿ ಇಡಬಹುದಿತ್ತು. ಒತ್ತಿದ ಬೆರಳು ಎತ್ತಿದೊಡನೆ ಅದಕ್ಕೆ ಬರೆದ ಆಜ್ಞೆ ನಡೆಯುತ್ತಿತ್ತು. ರ್‍ಯಾಂಡ್ ಮತ್ತು ರಾಬಿನ್ ಮಿಲ್ಲರ್ ಸಹೋದರರು ಮಿಸ್ಟ್ (1993) ಆಟವನ್ನು ಕಟ್ಟಿದ್ದು ಇದರಲ್ಲೇ. ಅಲ್ಲಿ ಲೋಕವೆಂದರೆ ಸ್ತಬ್ಧಚಿತ್ರಗಳ ಸಾಲು. ಕ್ಲಿಕ್ ಎಂದರೆ ಮುಂದಿನ ಚಿತ್ರ, ಇಲ್ಲವೇ ಅಂಗೈಯಗಲದ ಒಂದು ವಿಡಿಯೊ ತುಣುಕು. ಈ ಸಹೋದರರ ಸಯಾನ್ ಸಂಸ್ಥೆಯ ಉರು (2003) ಆಟದಲ್ಲಿ ಆಟಗಾರನಿಗೆ ಮೈ ಬಂತು, ಮೂರು ಆಯಾಮದ ಲೋಕದಲ್ಲಿ ನಡೆದಾಡಲು ಕಾಲು ಬಂತು. ಅದರ ಆನ್‌ಲೈನ್ ಭಾಗವನ್ನು 2004ರ ಫೆಬ್ರವರಿಯಲ್ಲಿ ನಿಲ್ಲಿಸಲಾಯಿತು. ಅಭಿಮಾನಿಗಳು ಸುಮ್ಮನಾಗಲಿಲ್ಲ. ಉರು ನಡೆಯುವ ಪ್ಲಾಸ್ಮಾ ಎಂಜಿನ್ನಿನ ಫೈಲುಗಳನ್ನು ಬಿಡಿಸಿ ಓದಿ, ಬ್ಲೆಂಡರ್ ತಂತ್ರಾಂಶಕ್ಕೆ ಪೈಪಿಆರ್‌ಪಿ ಎಂಬ ಜೋಡಣೆ ಬರೆದು, ತಮ್ಮದೇ 'ಏಜ್'ಗಳನ್ನು, ಅಂದರೆ ಲೋಕಗಳನ್ನು, ಕಟ್ಟತೊಡಗಿದರು. ಮಿಸ್ಟ್ ಕಥೆಯಲ್ಲಿ ಲೋಕಗಳನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಹಾಗಾಗಿ ಇವರ ಕೂಟದ ಹೆಸರೂ ಗಿಲ್ಡ್ ಆಫ್ ರೈಟರ್ಸ್. 2011ರಲ್ಲಿ ಸಯಾನ್ ಎಂಜಿನ್ನಿನ ಸೋರ್ಸ್ ಕೋಡನ್ನು ಜಿಪಿಎಲ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಪೈಪಿಆರ್‌ಪಿಯ ಜಾಗಕ್ಕೆ ಆಮೇಲೆ ಕೋರ್ಮನ್ ಬಂತು.

ರಚನೆ

ಹೆಸರಿನಲ್ಲೇ ಹಿರಿಯ ಕೆರೆ ಇಟ್ಟುಕೊಂಡ ಹಿರೇಕೆರೂರಿನಂಥ ಊರೊಂದನ್ನು ಏಜ್ ಆಗಿ ಕಟ್ಟಿ, ಕೆರೆ ಏರಿಯ ತೂಬನ್ನು ಕ್ಲಿಕ್ಕಿಗೆ ಒಡ್ಡುತ್ತೇವೆ ಎಂದುಕೊಳ್ಳೋಣ. ಹಳೆಯ ತೂಬು ಸರಳ: ಎರಡು ಕಲ್ಲುಕಂಬ, ನಡುವೆ ತೂತು ಕೊರೆದ ಅಡ್ಡಗಲ್ಲುಗಳು, ತೂತಿನಲ್ಲಿ ಇಳಿಬಿಟ್ಟ ಕೋಲು, ಕೋಲಿನ ತುದಿಗೆ ಬಿರಡೆ. ಕೋಲು ಎತ್ತಿದರೆ ನೀರು ಹೊರಡುತ್ತದೆ.

ಮೊದಲು ಕೋಲು ಮೇಲೇರುವ ಅನಿಮೇಷನ್ನನ್ನು ಬ್ಲೆಂಡರ್‌ನಲ್ಲಿ ಕೂರಿಸಬೇಕು. ಅದು ಸುಲಭ. ಕ್ಲಿಕ್ಕಿಗೆ ಮಾತ್ರ ಮೂರು ಸಂಗತಿ ಬೇಕು. ಮೊದಲನೆಯದು ಮೈ: ಕ್ಲಿಕ್ ತಗಲುವುದು ಚಿತ್ರಕ್ಕಲ್ಲ, ವಸ್ತುವಿಗೆ ಕೊಟ್ಟ ಭೌತಿಕ ಮೈಗೆ. ತೆಳ್ಳಗಿನ ಕೋಲಿಗೆ ಅದರಷ್ಟೇ ತೆಳ್ಳಗಿನ ಮೈ ಕೊಟ್ಟರೆ ಮೌಸ್ ಹತ್ತು ಸಲ ಪಕ್ಕಕ್ಕೆ ಜಾರುತ್ತದೆ. ಆದ್ದರಿಂದ ಸುತ್ತ ಕಾಣದ ದಪ್ಪ ಪೆಟ್ಟಿಗೆಯೊಂದನ್ನು ಹೊದಿಸುವುದು ರೂಢಿ. ಎರಡನೆಯದು ಎಲ್ಲೆ: ಆಟಗಾರ ಯಾವ ಜಾಗದಲ್ಲಿ ನಿಂತರೆ ಒತ್ತು ನಡೆಯಬೇಕು ಎಂಬುದು. ಇದನ್ನು ಮರೆತರೆ ಆಚೆ ದಂಡೆಯಲ್ಲಿ ನಿಂತವನೂ ತೂಬು ಎತ್ತಿಬಿಡುತ್ತಾನೆ. ಮೂರನೆಯದು ಮುಖ. ಬೆನ್ನು ತಿರುಗಿಸಿ ನಿಂತವನ ಕ್ಲಿಕ್ ಲೆಕ್ಕಕ್ಕೆ ಬಾರದಂತೆ ಮಾಡಬಹುದು.

ಈ ಮೂರೂ ಒಪ್ಪಿದ ಮೇಲೆ ಸುದ್ದಿ 'ರೆಸ್ಪಾಂಡರ್'ಗೆ ಮುಟ್ಟುತ್ತದೆ. ಪ್ಲಾಸ್ಮಾದ ಜಾಣತನವೆಲ್ಲ ಇರುವುದು ಇದರಲ್ಲಿ. ರೆಸ್ಪಾಂಡರ್ ಎಂದರೆ ಆಜ್ಞೆಗಳ ಪಟ್ಟಿ: ಆಟಗಾರನನ್ನು ಕಂಬದ ಬುಡಕ್ಕೆ ನಡೆಸು, ಕೈಯೆತ್ತುವ ಚಲನೆ ಆಡಿಸು, ಕಲ್ಲು ಉಜ್ಜುವ ಸದ್ದು ಹೊರಡಿಸು, ಕೋಲು ಎತ್ತು, ನೀರು ಬಿಡು. ಯಾವ ಆಜ್ಞೆ ಯಾವುದಕ್ಕೆ ಕಾಯಬೇಕು ಎಂದೂ ಹೇಳಬೇಕು. ಕಾಯಿಸದಿದ್ದರೆ ಕೈ ತಲುಪುವ ಮೊದಲೇ ಕೋಲು ತಾನಾಗಿ ಏರುತ್ತದೆ, ದೆವ್ವ ಮೆಟ್ಟಿದ ತೂಬಿನಂತೆ. ಕೋರ್ಮನ್‌ನಲ್ಲಿ ಇವೆಲ್ಲ ದಾರ ಎಳೆದು ಜೋಡಿಸುವ ಪೆಟ್ಟಿಗೆಗಳು, 'ನೋಡ್' ಎನ್ನುತ್ತಾರೆ. ಕೋಡ್ ಬರೆಯಲು ಬಾರದವರೂ ಒಂದು ಸಂಜೆಯಲ್ಲಿ ಇದನ್ನು ಹೊಸೆಯಬಹುದು.

ರೆಸ್ಪಾಂಡರ್‌ಗೆ ಒಂದಕ್ಕಿಂತ ಹೆಚ್ಚು ಸ್ಥಿತಿಗಳಿರಬಹುದು: ಒಂದು ಎತ್ತಲು, ಇನ್ನೊಂದು ಇಳಿಸಲು. ಆದರೆ ಒಬ್ಬನೇ ಆಡುವ ಲೋಕಕ್ಕೆ ಸಾಕಾಗುವ ಈ ಏರ್ಪಾಡು ಹಲವರು ಸೇರುವ ಲೋಕಕ್ಕೆ ಸಾಲದು. ತೂಬು ಎತ್ತಿದವನು ಹೊರಟುಹೋದ ಮೇಲೆ ಬಂದವಳಿಗೆ ಅದು ಎತ್ತಿದಂತೆಯೇ ಕಾಣಬೇಕಲ್ಲ? ಅದಕ್ಕಾಗಿ ಎಸ್‌ಡಿಎಲ್ ಎಂಬ ಸ್ಥಿತಿವಿವರಣೆಯ ಕಡತವಿದೆ. 'ತೂಬು ತೆರೆದಿದೆಯೇ' ಎಂಬ ಒಂದು ಹೌದು-ಅಲ್ಲವನ್ನು ಅದು ಸರ್ವರ್‌ನಲ್ಲಿ ಕಾಪಾಡುತ್ತದೆ. ಚಿಕ್ಕದೊಂದು ಪೈಥಾನ್ ಕಡತ ಅದನ್ನು ಓದಿ ರೆಸ್ಪಾಂಡರನ್ನು ಎಬ್ಬಿಸುತ್ತದೆ. ಹೊಸದಾಗಿ ಒಳಬಂದವಳ ಕಣ್ಣೆದುರು ಕೋಲು ಮತ್ತೆ ಮೊದಲಿನಿಂದ ಏರತೊಡಗಬಾರದು. ಅನಿಮೇಷನ್ ನೇರ ಕೊನೆಗೆ ಜಿಗಿದಿರಬೇಕು. ಇದಕ್ಕೆ ಪ್ರತ್ಯೇಕ ಆಯ್ಕೆಯೇ ಉಂಟು. ಎಷ್ಟೋ ಏಜ್‌ಗಳನ್ನು ಅಂದಗೆಡಿಸುವುದು ಈ ಆಯ್ಕೆಯನ್ನು ಮರೆತದ್ದೇ ಎಂಬುದು ಈ ಲೇಖಕನ ಅನಿಸಿಕೆ. ಕ್ಲಿಕ್ಕಿನ ಕಸುಬು ಬೆರಳಿಗಿಂತ ಹೆಚ್ಚಾಗಿ ನೆನಪಿಗೆ ಸೇರಿದ್ದು.

ಸಾಮಾನ್ಯ ದೋಷಗಳು

ಬಾಗಿಲು ಕೀಲಿನ ಬದಲು ನಟ್ಟನಡುವೆ ಗಿರಕಿ ಹೊಡೆದರೆ ವಸ್ತುವಿನ ಮೂಲಬಿಂದು ತಪ್ಪಿದೆ ಎಂದರ್ಥ. ಅದನ್ನು ಕೀಲಿಗೆ ಸರಿಸಬೇಕು. ಬಾಗಿಲು ತೆರೆದು ಕಂಡರೂ ಆಟಗಾರ ಖಾಲಿ ಜಾಗಕ್ಕೆ ಢಿಕ್ಕಿ ಹೊಡೆದು ನಿಂತರೆ, ಚಿತ್ರ ಸರಿದಿದೆ, ಭೌತಿಕ ಮೈ ಅಲ್ಲೇ ಉಳಿದಿದೆ. ಲೋಕ ತೆರೆದ ಕೂಡಲೇ ಯಾರೂ ಮುಟ್ಟದೆ ಕೋಲು ಕುಣಿಯತೊಡಗಿದರೆ ಅನಿಮೇಷನ್ನಿಗೆ 'ತಾನಾಗಿ ಆರಂಭ' ಎಂಬ ಗುರುತು ಉಳಿದುಕೊಂಡಿರುತ್ತದೆ. ಕೋಲು ಏರುವಾಗಲೇ ಮತ್ತೆ ಮತ್ತೆ ಒತ್ತುವ ಅವಸರದವರಿಗಾಗಿ, ಚಲನೆ ಮುಗಿಯುವವರೆಗೆ ಕ್ಲಿಕ್ ವಸ್ತುವನ್ನು ನಿಷ್ಕ್ರಿಯಗೊಳಿಸಿಡುವುದು ಒಳ್ಳೆಯದು.

ಇತರ ಎಂಜಿನ್‌ಗಳು

ರೊಬ್ಲಾಕ್ಸ್‌ನಲ್ಲಿ ಕ್ಲಿಕ್‌ಡಿಟೆಕ್ಟರ್ ಎಂಬ ಸಿದ್ಧವಸ್ತು ಇದೆ. ಬದಲಿಸದಿದ್ದರೆ 32 ಸ್ಟಡ್ (ಅಲ್ಲಿನ ಉದ್ದದ ಅಳತೆ) ದೂರದವರೆಗೆ ಒತ್ತು ಸಲ್ಲುತ್ತದೆ. ಗೋಡಾಟ್‌ನಲ್ಲಿ ಏರಿಯಾ3ಡಿಯ ಸಿಗ್ನಲ್ಲನ್ನು ಅನಿಮೇಷನ್‌ಪ್ಲೇಯರ್‌ಗೆ ಜೋಡಿಸುತ್ತಾರೆ. ಶಾಲೆಯ ಮಕ್ಕಳು ಬಳಸುವ ಸ್ಕ್ರ್ಯಾಚ್‌ನಲ್ಲಿ 'ಈ ಸ್ಪ್ರೈಟ್ ಒತ್ತಿದಾಗ' ಎಂಬರ್ಥದ ತುಂಡಿನ ಕೆಳಗೆ ಚಲನೆಯ ತುಂಡು ಸಿಕ್ಕಿಸಿದರೆ ಮುಗಿಯಿತು; ಎಲ್ಲಿ ನಿಂತಿದ್ದೀಯ, ಯಾವ ಕಡೆ ನೋಡುತ್ತಿದ್ದೀಯ ಎಂದು ಅದು ಕೇಳುವುದಿಲ್ಲ.