ನಿಜಾಮ ಆಳ್ವಿಕೆಯ ಕಲಬುರಗಿ ಸೀಮೆ: ಮುದ್ರಣ, ಪತ್ರಿಕೆ ಮತ್ತು ಹವ್ಯಾಸಿ ರಂಗಭೂಮಿ

ಆಧುನಿಕ ಕನ್ನಡ ಸಂಸ್ಕೃತಿಯ ಚರಿತ್ರೆಯಲ್ಲಿ ಅಚ್ಚುಕೂಟ, ಪತ್ರಿಕೆ ಹಾಗೂ ಹವ್ಯಾಸಿ ನಾಟಕ ಸಂಘಗಳು ಒಂದನ್ನೊಂದು ಪೋಷಿಸಿಕೊಂಡೇ ಬೆಳೆದಿವೆ. ಮುಂಬಯಿ ಕರ್ನಾಟಕವು ಇದಕ್ಕೆ ಸ್ಪಷ್ಟ ನಿದರ್ಶನ. ಬಾಗಲಕೋಟೆಯಲ್ಲಿ ಜನಿಸಿದ ಮುದವೀಡು ಕೃಷ್ಣರಾಯರು (1874–1947) ‘ಕರ್ನಾಟಕ ವೃತ್ತ’, ‘ಧನಂಜಯ’ ಪತ್ರಿಕೆಗಳನ್ನು ಸಂಪಾದಿಸಿದರು. 1904ರಲ್ಲಿ ಧಾರವಾಡದಲ್ಲಿ ಭಾರತ ಕಲೋತ್ತೇಜಕ ಸಂಗೀತ ಸಮಾಜವನ್ನು ಕಟ್ಟಿ ವಿದ್ಯಾವಂತರನ್ನು ರಂಗಕ್ಕೆ ತಂದರು. ಅದೇ ಊರಿನ ಕೆರೂರು ವಾಸುದೇವಾಚಾರ್ಯರು ‘ಶುಭೋದಯ’, ‘ಸಚಿತ್ರ ಭಾರತ’ ಪತ್ರಿಕೆಗಳನ್ನು ನಡೆಸುತ್ತಲೇ ಷೇಕ್ಸ್‌ಪಿಯರನ ನಾಟಕಗಳನ್ನು ಕನ್ನಡಕ್ಕೆ ರೂಪಾಂತರಿಸಿದರು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಇಂತಹ ಬೆಳವಣಿಗೆ ಅದೇ ಪ್ರಮಾಣದಲ್ಲಿ ಏಕೆ ಸಾಧ್ಯವಾಗಲಿಲ್ಲ ಎಂಬುದು ವಿಚಾರಣೀಯ. ಸಂಪರ್ಕದ ಕೊರತೆಯೇ ಕಾರಣವೆನ್ನಲಾಗದು. ಮುಂಬಯಿಯ ರೈಲುಮಾರ್ಗ ಶಹಾಬಾದ್, ವಾಡಿಗಳ ಮೂಲಕ 1871ರಲ್ಲಿಯೇ ರಾಯಚೂರನ್ನು ತಲುಪಿತ್ತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿಗೆ ಮಾರ್ಗ ತೆರೆಯಿತು. ಚಿಂಚೋಳಿ ಮಾತ್ರ ಈ ಮಾರ್ಗದಿಂದ ಹೊರಗುಳಿಯಿತು. ಗದುಗಿನಲ್ಲಿ ಶಾಂತಕವಿಗಳು ನಾಟಕ ಮಂಡಳಿ ಕಟ್ಟಿದ್ದೂ ಅದೇ ದಶಕದಲ್ಲಿಯೇ.

ಮೂಲ ಕಾರಣ ಭಾಷಾನೀತಿಯಲ್ಲಿದೆ. 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂದಿತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿತ್ತು. ಶಾಲೆ ಮತ್ತು ಕಚೇರಿಗಳಲ್ಲಿ ಕನ್ನಡಕ್ಕೆ ಎಡೆಯಿಲ್ಲದಿರುವಾಗ ಕನ್ನಡ ಮುದ್ರಕನಿಗೆ ದೊರೆಯಬೇಕಾದ ಕೆಲಸವೂ ಓದುಗವರ್ಗವೂ ಕುಗ್ಗುವುದು ಸಹಜ. 1929ರ 53ನೆಯ ಗಸ್ತಿಯು ಸಾರ್ವಜನಿಕ ಸಭೆಗಳಿಗೆ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿತು. ಹತ್ತು ಜನ ಕೂಡುವುದೇ ಶಂಕಾಸ್ಪದವಾದ ಕಡೆ ಸಂಘಜೀವನವನ್ನೇ ಆಧರಿಸಿದ ಹವ್ಯಾಸಿ ರಂಗಭೂಮಿ ಬೇರೂರುವುದು ಕಷ್ಟ. ಉರ್ದು ಪತ್ರಿಕೆಗಳಿಗೂ ಅಪಾಯ ತಪ್ಪಿರಲಿಲ್ಲ. ‘ಇಮ್ರೋಜ್’ ಸಂಪಾದಕ ಶೋಯಬುಲ್ಲಾ ಖಾನರು 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಹತ್ಯೆಗೀಡಾದರು.

ಇಷ್ಟಾದರೂ ಕನ್ನಡದ ಎಚ್ಚರ ನಂದಿರಲಿಲ್ಲ. 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿಯೂ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿಯೂ ಸಾಹಿತ್ಯ ಸಮ್ಮೇಳನಗಳು ನೆರವೇರಿದವು. ಹಳ್ಳಿಗಳಲ್ಲಿ ಬಯಲಾಟ, ತತ್ವಪದ, ಭಜನೆಗಳು ಮುದ್ರಣದ ಆಸರೆಯಿಲ್ಲದೆ, ಬಾಯಿಂದ ಬಾಯಿಗೆ ಮತ್ತು ಕೈಬರಹದ ಪ್ರತಿಗಳಲ್ಲಿ ಉಳಿದುಬಂದವು.

ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಸೇಡಂ ತಾಲ್ಲೂಕಿನಲ್ಲಿದೆ. ‘ಕವಿರಾಜಮಾರ್ಗ’ಕ್ಕೆ ಆಶ್ರಯ ನೀಡಿದ ನೆಲ ಆಧುನಿಕ ಮುದ್ರಣಯುಗದಲ್ಲಿ ಹಿಂದುಳಿದುದಕ್ಕೆ ಜನರ ಅಭಿರುಚಿಯಲ್ಲ, ಪ್ರಭುತ್ವದ ನೀತಿಯೇ ಹೊಣೆ. ಆದುದರಿಂದ ಅಚ್ಚಾದ ಪತ್ರಿಕೆ, ನಾಟಕಗಳನ್ನಷ್ಟೇ ಆಕರವೆಂದು ಸ್ವೀಕರಿಸಿದರೆ ಈ ಸೀಮೆಯ ರಂಗಚರಿತ್ರೆ ಬರಿದಾಗಿ ತೋರುವುದು. ಮನೆಮಠಗಳಲ್ಲಿರುವ ಬಯಲಾಟದ ಹಸ್ತಪ್ರತಿಗಳನ್ನೂ ಹಿರಿಯ ಕಲಾವಿದರ ನೆನಪುಗಳನ್ನೂ ಸಂಗ್ರಹಿಸುವುದು ಈ ದಿಸೆಯಲ್ಲಿ ಆಗಬೇಕಾದ ಮೊದಲ ಕಾರ್ಯ.