ಮದುವೆಮನೆಯ ಎರಡು ಪಟ್ಟಿಗಳು

ಹಳೆ ಮೈಸೂರು ಸೀಮೆಯಲ್ಲಿ ಬಂಧುಬಳಗದವರು, ಊರವರು ವಧೂವರರಿಗೆ ಕೊಡುವ ಹಣಕ್ಕೂ ವಸ್ತುವಿಗೂ ಮುಯ್ಯಿ ಎಂದು ಹೆಸರು. ಉತ್ತರ ಕರ್ನಾಟಕದಲ್ಲಿ ಇದು ಆಹೇರಿ, ತಮಿಳುನಾಡಿನಲ್ಲಿ ಮೊಯ್. ಮುಯ್ಯಿ ದಾನವಲ್ಲ, ಸಾಲವೂ ಅಲ್ಲ. ಕೊಟ್ಟವರ ಮನೆಯಲ್ಲಿ ಶುಭಕಾರ್ಯ ನಡೆದಾಗ ಅದನ್ನು ಹಿಂದಿರುಗಿಸಲೇಬೇಕು. ಆದರೆ ಕೊಟ್ಟವರು ಬಾಯಿಬಿಟ್ಟು ಕೇಳುವಂತಿಲ್ಲ. ಬೇಸಾಯದಲ್ಲೂ ಇಂಥದೇ ಏರ್ಪಾಡಿತ್ತು. ನಾಟಿಗೋ ಕೊಯ್ಲಿಗೋ ಒಂದು ಮನೆಯವರು ಇನ್ನೊಂದು ಮನೆಯ ಗದ್ದೆಗಿಳಿದರೆ, ಅಷ್ಟೇ ಆಳು ಅಲ್ಲಿಂದ ಇಲ್ಲಿಗೆ ಬರಬೇಕು. ಅದು ಮುಯ್ಯಾಳು.

ಇಂಥ ಕೊಡುಕೊಳ್ಳುವಿಕೆ ನೆನಪನ್ನಷ್ಟೇ ನಂಬಿ ನಡೆಯುವುದಿಲ್ಲ. ಧಾರೆ ಮುಗಿಯುತ್ತಲೇ ಅಕ್ಷರ ಬಲ್ಲ ನೆಂಟನೊಬ್ಬ ಚಪ್ಪರದ ಬದಿಯಲ್ಲಿ ನೋಟ್‌ಬುಕ್ ಹಿಡಿದು ಕೂರುತ್ತಿದ್ದ. ಮೊದಲ ಪುಟದ ನೆತ್ತಿಗೆ ‘ಶ್ರೀ’, ಅಂಚಿಗೆ ಅರಿಸಿನ. ಕೆಳಗೆ ಊರು, ಮನೆಯ ಯಜಮಾನನ ಹೆಸರು, ಮೊತ್ತ. ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಗಟ್ಟಿಯಾಗಿ ಕೂಗಿ ಹೇಳುವ ರೂಢಿಯೂ ಹಲವೆಡೆ ಇತ್ತು. ಮೈಕು ಬಂದ ಮೇಲೆ ಅದು ಬೀದಿಗೂ ಕೇಳಿಸುವಂತಾಯಿತು. ಮೊತ್ತ ಸೊನ್ನೆಯಲ್ಲಿ ಮುಗಿಯಬಾರದು, ಆದ್ದರಿಂದ 11, 51, 101. ಮುಂದೆ ಆ ಮನೆಯಿಂದ ಲಗ್ನಪತ್ರಿಕೆ ಬಂದಾಗ ಪೆಟ್ಟಿಗೆಯಿಂದ ಪುಸ್ತಕ ತೆಗೆದು, ಬಂದದ್ದೆಷ್ಟು ಎಂದು ನೋಡಿ, ಅದರ ಮೇಲೆ ಇಷ್ಟು ಸೇರಿಸಿ ಒಯ್ಯುವುದು ಮರ್ಯಾದೆ. ಕಡಿಮೆ ಕೊಟ್ಟರೆ ಆಡಿಕೊಳ್ಳುವವರಿಗೆ ಅಷ್ಟೇ ಸಾಕಿತ್ತು. ಕೊಡುವುದು, ಪಡೆಯುವುದು, ಹಿಂದಿರುಗಿಸುವುದು ಮೂರೂ ಕಡ್ಡಾಯವೆಂದು ಫ್ರಾನ್ಸಿನ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆ ಕುರಿತ ತನ್ನ ಪ್ರಬಂಧದಲ್ಲಿ ವಾದಿಸಿದ. ಮಂಡ್ಯದ ಅಜ್ಜಿಯರಿಗೆ ಇದು ಹೊಸ ಸುದ್ದಿಯಾಗಿರಲಾರದು.

ಹಣದ ಜೊತೆಗೆ ಪಾತ್ರೆಗಳೂ ಬರುತ್ತಿದ್ದವು, ಮೊದಲು ಹಿತ್ತಾಳೆ ತಾಮ್ರದವು, ಆಮೇಲೆ ಸ್ಟೀಲಿನವು. ಪಾತ್ರೆ ಅಂಗಡಿಯಲ್ಲೇ ಗಿರ್ರೆನ್ನುವ ಕೆತ್ತನೆ ಯಂತ್ರದಿಂದ ಕೊಡವೋ ತಟ್ಟೆಯೋ ಚುಕ್ಕೆಚುಕ್ಕೆಯಾಗಿ ಕೊಟ್ಟವರ ಹೆಸರು, ತಾರೀಖು ಹೊತ್ತು ಹೊರಬರುತ್ತಿತ್ತು. ಹೀಗೆ ಪ್ರತಿ ಪಾತ್ರೆಯೂ ಮುಯ್ಯಿ ಪುಸ್ತಕದ ಒಂದು ಸಾಲಾಯಿತು. ಪುಸ್ತಕ ಕಳೆದುಹೋದರೂ ಅಡುಗೆಮನೆಯ ಅಟ್ಟ ಸಾಕ್ಷಿ ಹೇಳುತ್ತಿತ್ತು.

ಎರಡನೆಯ ಪಟ್ಟಿ ಮದುವೆಗೆ ಮೊದಲೇ ಹುಟ್ಟುವಂಥದ್ದು. ಉತ್ತರ ಕರ್ನಾಟಕದಲ್ಲಿ ಅದಕ್ಕೆ ಯಾದಿ ಎನ್ನುತ್ತಾರೆ. ಎರಡೂ ಕಡೆಯ ಹಿರಿಯರು ಕೂತು, ಯಾರು ಎಷ್ಟು ಬಂಗಾರ ಹಾಕಬೇಕು, ಯಾವ ಬಟ್ಟೆ ತರಬೇಕು, ಊಟದ ಖರ್ಚು ಯಾರದು ಎಂದು ಬರೆಸುತ್ತಿದ್ದರು. ಬರೆದಿಟ್ಟರೆ ನಾಳೆ ತಂಟೆಯಿಲ್ಲ ಎಂಬುದು ಇದರ ಹಿಂದಿನ ಯೋಚನೆ. ಖರ್ಚು ಉಳಿಸಲು ಯಾದಿಯ ದಿನವೇ ಅಕ್ಷತೆ ಹಾಕಿಸಿಬಿಡುವ ‘ಯಾದಿ ಮೇಲೆ ಶಾದಿ’ಯೂ ಉಂಟು. ದಕ್ಷಿಣದಲ್ಲಿ ವರೋಪಚಾರದ ಹೆಸರಿನಲ್ಲಿ ವರನಿಗೆ ಉಂಗುರ, ಸೂಟು, ಕೈಗಡಿಯಾರ ಸಲ್ಲುತ್ತಿದ್ದವು. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರಗಳ ತಯಾರಿಕೆ ಶುರುವಾದ ಮೇಲೆ ಆ ಗಡಿಯಾರ ವರನ ಕೈಗೂ ಬಂತು. ಮುಂದೆ ಪಟ್ಟಿಗೆ ಸ್ಕೂಟರೂ ಸೇರಿತು.

ಎರಡೂ ಕಾಗದದ ಮೇಲಿನ ಪಟ್ಟಿಗಳೇ. ಆದರೆ ಮುಯ್ಯಿ ಪುಸ್ತಕ ಪಡೆದವರ ಹೊಣೆಯನ್ನು ಬರೆದಿಡುತ್ತದೆ. ವರನ ಕಡೆಯ ಪಟ್ಟಿ ಕೊಡುವವರ ಮೇಲೆ ಹೊಣೆ ಹೊರಿಸುತ್ತದೆ. ಮೊದಲನೆಯದಕ್ಕೆ ಮರ್ಯಾದೆ ಉಳಿದದ್ದೂ ಎರಡನೆಯದು ವರದಕ್ಷಿಣೆಯ ಪಟ್ಟಿಯಾಗಿ ಕೆಟ್ಟದ್ದೂ ಇದೇ ಕಾರಣಕ್ಕೆ. ಅಮೆರಿಕದಲ್ಲಿ ಇಂಥ ಬೇಡಿಕೆಯ ಪಟ್ಟಿಯನ್ನು ಅಂಗಡಿಯೇ ವಹಿಸಿಕೊಂಡಿತು: ಶಿಕಾಗೋದ ಮಾರ್ಷಲ್ ಫೀಲ್ಡ್ಸ್ ಮಳಿಗೆ 1924ರಲ್ಲಿ ವಧುವಿಗೆ ಬೇಕಾದ ಸಾಮಾನುಗಳನ್ನು ನೋಂದಾಯಿಸುವ ಏರ್ಪಾಡು ಮಾಡಿತು. ಅಲ್ಲಿ ಪಟ್ಟಿಯಿಂದ ಯಾವುದನ್ನು ಕೊಳ್ಳಬೇಕೆಂಬ ಆಯ್ಕೆ ಅತಿಥಿಯದು. ಇಲ್ಲಿ ಹೆಣ್ಣಿನ ತಂದೆಗೆ ಆಯ್ಕೆ ಇರಲಿಲ್ಲ.

1961ರ ವರದಕ್ಷಿಣೆ ನಿಷೇಧ ಕಾಯ್ದೆ ಕೇಳಿ ಪಡೆಯುವುದನ್ನು ಅಪರಾಧವೆಂದಿತು. ಕೇಳದೆ ಕೊಟ್ಟ ಉಡುಗೊರೆಗೆ ವಿನಾಯಿತಿ ಸಿಗಬೇಕಾದರೆ ಅದೂ ಪಟ್ಟಿಯಲ್ಲಿರಬೇಕು. 1985ರ ನಿಯಮಗಳ ಪ್ರಕಾರ ವಧುವಿಗೆ ಬಂದದ್ದರ ಪಟ್ಟಿಯನ್ನು ವಧುವೂ ವರನಿಗೆ ಬಂದದ್ದರ ಪಟ್ಟಿಯನ್ನು ವರನೂ ಇಟ್ಟುಕೊಳ್ಳಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ನೆಂಟಸ್ತನ ಬರೆದು ಇಬ್ಬರೂ ಸಹಿ ಹಾಕಬೇಕು. ಒಂದರ್ಥದಲ್ಲಿ ಸರ್ಕಾರ ಮುಯ್ಯಿ ಪುಸ್ತಕವನ್ನೇ ಕಾನೂನಿಗೆ ತಂದಿತು. ಮದುವೆಮನೆಗಳಲ್ಲಿ ಅಂಥ ಪಟ್ಟಿ ಕಾಣುವುದು ಮಾತ್ರ ಅಪರೂಪ.

ಈಚಿನ ಲಗ್ನಪತ್ರಿಕೆಗಳ ಕೊನೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲು ಅಚ್ಚಾಗುತ್ತದೆ. ಓದಿದವರು ಅದನ್ನು ಪೂರ್ತಿ ನಂಬುವುದಿಲ್ಲ. ಲಕೋಟೆ ಹಿಡಿದೇ ಹೋಗುತ್ತಾರೆ.